ತುಂಬೆಯೆಂಬ ಮಾತು

ತುಂಬೆ ಎಂದರೆ ಮಲೆನಾಡಿನ ಕಿವಿಗೆ ಮೊದಲು ಹೂವು, ಆಮೇಲೆ ಗಿಡ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಮಳೆ ಹಿಂದೆ ಸರಿದು ಭತ್ತ ತೆನೆಗಟ್ಟುವ ಹೊತ್ತಿಗೆ ಗದ್ದೆಯ ಬದುವಿನ ಮೇಲೆ, ಕೊಟ್ಟಿಗೆಯ ಹಿಂಬದಿಯಲ್ಲಿ, ತೋಟಕ್ಕಿಳಿಯುವ ದಾರಿಯ ಅಂಚಿನಲ್ಲಿ ಅದು ಬೆಳ್ಳಗೆ ಕಾಣಿಸಿಕೊಳ್ಳುತ್ತದೆ. ಮೊಣಕಾಲೆತ್ತರ ಮೀರುವುದು ಅಪರೂಪ. ಬಿತ್ತಿದವರಿಲ್ಲ, ನೀರೆರೆದವರಿಲ್ಲ. ಆದರೂ ಶಿವರಾತ್ರಿ ಹತ್ತಿರ ಬಂತೆಂದರೆ ಬುಟ್ಟಿ ಹಿಡಿದು ಅದನ್ನು ಹುಡುಕಿಕೊಂಡು ಹೋಗುವವರಿದ್ದಾರೆ.

ಇಷ್ಟು ಹಸುರಿನ ಸೀಮೆಯಲ್ಲಿ ತುಂಬೆ ಎಲ್ಲೆಲ್ಲೂ ಇರಬೇಕು ಎಂದುಕೊಂಡರೆ ತಪ್ಪು. ಕಾನಿನ ಒಳಗೆ ಅದು ಇಲ್ಲ. ಬಿಸಿಲು ನೆಲ ಮುಟ್ಟದ ಕಡೆ ಅದು ಏಳುವುದಿಲ್ಲ. ಕಿಗ್ಗದ ಮೇಲಿನ ದಟ್ಟ ಕಾಡಿನಲ್ಲಾಗಲಿ, ನರಸಿಂಹ ಪರ್ವತದ ಇಳಿಜಾರಿನ ನೆರಳಿನಲ್ಲಾಗಲಿ ಹುಡುಕಿದರೆ ಸಿಗದು. ಮನುಷ್ಯ ಕಡಿದು, ಅಗೆದು, ಉತ್ತು ಬಯಲು ಮಾಡಿದ ಜಾಗದ ಅಂಚೇ ಅದರ ನೆಲೆ: ಹಕ್ಕಲು, ಬ್ಯಾಣ, ಕೊಯ್ಲಾದ ಗದ್ದೆ, ಅಂಗಳದ ಮೂಲೆ. ಹೀಗಾಗಿ ಮಳೆ ಹೆಚ್ಚಿನ ಶೃಂಗೇರಿಯ ಕಡೆಗಿಂತ ಭದ್ರೆಯ ಕಡೆಗೆ ಬಯಲಾಗುತ್ತ ಹೋಗುವ ನರಸಿಂಹರಾಜಪುರದ ಸುತ್ತಿನಲ್ಲಿ ಅದಕ್ಕೆ ಹೆಚ್ಚು ಅನುಕೂಲ. ಆ ಊರಿಗೆ ಹಿಂದೆ ಎಡೇಹಳ್ಳಿ ಎಂಬ ಹೆಸರಿತ್ತು. 1915ರಲ್ಲಿ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಭೇಟಿಯ ನೆನಪಿಗೆ ಈಗಿನ ಹೆಸರು ಬಂತು. ಊರುಗಳ ಹೆಸರು ಹೀಗೆ ಬದಲಾಗುತ್ತವೆ, ಬದುವಿನ ಗಿಡದ ಹೆಸರನ್ನು ಬದಲಿಸುವ ಗೊಡವೆಗೆ ಯಾರೂ ಹೋಗಿಲ್ಲ.

ಸಸ್ಯಶಾಸ್ತ್ರದಲ್ಲಿ ಇದು ಲ್ಯೂಕಾಸ್ ಆಸ್ಪೆರಾ. ಗ್ರೀಕ್‌ನ ಬಿಳಿ ಎಂಬ ಮಾತಿನಿಂದ ಲ್ಯೂಕಾಸ್ ಎಂಬ ಕುಲನಾಮವನ್ನು ರಾಬರ್ಟ್ ಬ್ರೌನ್ 1810ರಲ್ಲಿ ಕೊಟ್ಟ. ಆಸ್ಪೆರಾ ಎಂದರೆ ಲ್ಯಾಟಿನ್ನಿನಲ್ಲಿ ಒರಟು. ಗಿಡವನ್ನು ಕೈಯಲ್ಲಿ ಹಿಡಿದರೆ ಎರಡನೆಯ ಹೆಸರು ಅರ್ಥವಾಗುತ್ತದೆ. ಕಾಂಡ ಚೌಕ, ಮೈತುಂಬ ಸಣ್ಣ ರೋಮ, ಎಲೆ ಉದ್ದಕ್ಕೆ ಕಿರಿದು. ತುಳಸಿ, ಪುದೀನ, ದೊಡ್ಡಪತ್ರೆಗಳ ಕುಟುಂಬವೇ ಇದರದೂ. ಹೂಗಳು ಕಾಂಡದ ಗಿಣ್ಣುಗಳ ಸುತ್ತ ಉಂಡೆಕಟ್ಟಿ ನಿಲ್ಲುತ್ತವೆ. ಒಂದೊಂದು ಹೂವೂ ಸುಮಾರು ಒಂದು ಸೆಂಟಿಮೀಟರ್, ಎರಡು ತುಟಿಯದು. ಮೇಲ್ತುಟಿ ಉಣ್ಣೆಯಂಥ ಬಿಳಿ ರೋಮ ಹೊತ್ತ ಪುಟ್ಟ ಮುಸುಕು. ಕೆಳತುಟಿ ಅಗಲವಾಗಿ ಮುಂದಕ್ಕೆ ಚಾಚಿ, ಬರುವ ಜೇನಿಗೆ ಜಗಲಿಯಾಗುತ್ತದೆ. ಕೇಸರಗಳು ನಾಲ್ಕು, ಎರಡು ಉದ್ದ, ಎರಡು ಗಿಡ್ಡ, ಎಲ್ಲವೂ ಮುಸುಕಿನೊಳಗೆ ಅಡಗಿವೆ. ಮಧು ಇರುವುದು ನಾಳದ ತಳದಲ್ಲಿ. ಅದಕ್ಕಾಗಿ ತಲೆ ತೂರಿಸಿದ ಹುಳು ಹೊರಬರುವಾಗ ನೆತ್ತಿಯ ಮೇಲೆ ಪರಾಗ ಹೊತ್ತಿರುತ್ತದೆ, ಮುಂದಿನ ಹೂವಿನ ಶಲಾಕೆಗೆ ಅದನ್ನು ಒರಸುತ್ತದೆ. ಹೂ ಉದುರಿದ ಮೇಲೆ ಹಸುರು ಪುಷ್ಪಪಾತ್ರೆಯ ತಳದಲ್ಲಿ ನಾಲ್ಕು ಕಿರುಬೀಜಗಳು ಕೂರುತ್ತವೆ. ಬೇಸಿಗೆಯ ಬಿಸಿಲಿಗೆ ಗಿಡ ಒಣಗಿ ಹೋದರೂ ಬೀಜ ಮಣ್ಣಿನಲ್ಲಿ ಮುಂದಿನ ಮಳೆ ಕಾಯುತ್ತದೆ.

ಈ ಮಧುವಿನ ಲೆಕ್ಕ ಮಕ್ಕಳಿಗೂ ಗೊತ್ತು. ಹೂವನ್ನು ಮೆಲ್ಲಗೆ ಎಳೆದರೆ ಬಿಳಿಯ ಭಾಗ ಹಸುರು ಬಟ್ಟಲಿನಿಂದ ಸಲೀಸಾಗಿ ಕಳಚಿ ಬರುತ್ತದೆ, ಅದರ ಬುಡ ಹೀರಿದರೆ ನಾಲಗೆಗೆ ಒಂದು ಹನಿ ಸಿಹಿ. ಶಾಲೆಯಿಂದ ಮನೆಗೆ ಬರುವ ದಾರಿ ಉದ್ದವಾಗಲು ಇಷ್ಟು ಸಾಕು. ಇಂಗ್ಲೆಂಡಿನ ಮಕ್ಕಳಿಗೆ ಬಟರ್‌ಕಪ್ ಎಂಬ ಹಳದಿ ಹೂವಿನೊಂದಿಗೆ ಇಂಥದೇ ಆಟವಿದೆ. ಹೂವನ್ನು ಗಲ್ಲದ ಕೆಳಗೆ ಹಿಡಿದಾಗ ಚರ್ಮದ ಮೇಲೆ ಹಳದಿ ಹೊಳಪು ಬಿದ್ದರೆ ಆ ಮಗುವಿಗೆ ಬೆಣ್ಣೆ ಇಷ್ಟ ಎಂದು ತೀರ್ಮಾನ. ಆ ಹೂವಿನ ದಳ ಕನ್ನಡಿಯಂತೆ ನಯವಾಗಿದೆ, ಅದಕ್ಕೇ ಹೊಳಪು. ಆದರೆ ಬಟರ್‌ಕಪ್ಪಿನ ರಸ ಖಾರ, ಬಾಯಿಗಿಟ್ಟರೆ ಗುಳ್ಳೆ ಏಳಿಸುವಂಥದು. ದನಗಳೂ ಹಸಿ ಗಿಡವನ್ನು ಬಿಟ್ಟು ಮೇಯುತ್ತವೆ. ಹೂವನ್ನು ನೇರ ಬಾಯಿಗೆ ಇಟ್ಟುಕೊಳ್ಳುವ ಸಲುಗೆ ತುಂಬೆಯಲ್ಲಿ ಮಾತ್ರ ಇದೆ.

ತುಂಬೆ ಎಂಬ ಮಾತು ಕನ್ನಡದ್ದಷ್ಟೇ ಅಲ್ಲ. ತಮಿಳಿನಲ್ಲಿ ತುಂಬೈ, ಮಲಯಾಳದಲ್ಲಿ ತುಂಬ, ತೆಲುಗಿನಲ್ಲಿ ತುಮ್ಮಿ, ತುಳುವಿನಲ್ಲಿ ತುಂಬೆಯೇ. ಇಷ್ಟೂ ಭಾಷೆಗಳಲ್ಲಿ ಒಂದೇ ಗಿಡಕ್ಕೆ ಒಂದೇ ಮಾತು ಉಳಿದಿರುವುದರಿಂದ, ಈ ಜನ ಬೇರೆ ಬೇರೆಯಾಗುವ ಮೊದಲೇ ಗಿಡದ ಪರಿಚಯ ಗಟ್ಟಿಯಾಗಿತ್ತು ಎನ್ನಬಹುದು. ತುಂಬು ಎಂಬ ಕ್ರಿಯಾಪದವೂ ದುಂಬಿಗೆ ಹಳಗನ್ನಡದಲ್ಲಿರುವ ತುಂಬಿ ಎಂಬ ಮಾತೂ ಕಿವಿಗೆ ಹತ್ತಿರವಾದವು. ಹೂವಿನ ತುಂಬ ಮಧು, ಮಧುವಿಗೆ ತುಂಬಿ ಎಂದು ಜೋಡಿಸುವ ಆಸೆ ಸಹಜ. ಬರೋ ಮತ್ತು ಎಮೆನೊ 1961ರಲ್ಲಿ ತಂದ ದ್ರಾವಿಡ ವ್ಯುತ್ಪತ್ತಿ ನಿಘಂಟು ಮಾತ್ರ ಇವನ್ನು ಬೇರೆ ಬೇರೆ ಬೇರುಗಳೆಂದೇ ಇಟ್ಟಿದೆ. ಸಂಸ್ಕೃತ ಬೇರೆ ದಾರಿ ಹಿಡಿಯಿತು. ಅಲ್ಲಿ ಇದು ದ್ರೋಣಪುಷ್ಪಿ, ಬಟ್ಟಲಿನಂಥ ಹೂವಿನದು. ಊಟದೆಲೆಯ ಪಕ್ಕದ ದೊನ್ನೆಯೂ ತುಂಗೆಯ ಮೇಲಿನ ದೋಣಿಯೂ ಇದೇ ದ್ರೋಣದ ಸಂತಾನ. ಆಯುರ್ವೇದದ ದ್ರೋಣಪುಷ್ಪಿ ಬಹುಮಟ್ಟಿಗೆ ಲ್ಯೂಕಾಸ್ ಸೆಫಲೋಟೀಸ್ ಎಂಬ ದೊಡ್ಡ ತಲೆಯ ತುಂಬೆ. ಬದುವಿನ ತುಂಬೆ ಅದರ ತಂಗಿ.

ಬಿಳುಪಿಗೆ ಹೋಲಿಕೆ ಹುಡುಕುವಾಗ ಒಂದೊಂದು ಭಾಷೆ ಒಂದೊಂದು ಹೂವಿನತ್ತ ಕೈ ಚಾಚುತ್ತದೆ. ಹಬೆಯಾಡುವ ಅನ್ನವನ್ನು ಮಲಯಾಳಿಗಳು ತುಂಬೆ ಹೂವಿನಂತಿದೆ ಎನ್ನುತ್ತಾರೆ, ಒಗೆದ ಪಂಚೆಯನ್ನು ತಮಿಳರು ಹಾಗೆನ್ನುತ್ತಾರೆ. ಕನ್ನಡಿಗರು ಅದೇ ಅನ್ನಕ್ಕೆ, ಅದೇ ಇಡ್ಲಿಗೆ ಮಲ್ಲಿಗೆಯನ್ನು ಕರೆದರು. ಮಲ್ಲಿಗೆಗೆ ಪರಿಮಳವಿದೆ, ಮಾರುಕಟ್ಟೆಯಿದೆ, ಮೊಳದ ಲೆಕ್ಕವಿದೆ. ಆದರೆ ನೆರಳು ಬೀಳದ ಬಿಳುಪು ತುಂಬೆಯದೇ. ಈ ಒಂದು ಕಡೆ ಕನ್ನಡದ ಮಾತು ತನ್ನ ಬದುವಿನ ಹೂವನ್ನು ಮರೆತಿತು. ಪ್ರಾಚೀನ ತಮಿಳಿನಲ್ಲಿ ತುಂಬೆಗೆ ಇನ್ನೂ ಗಂಭೀರವಾದ ಕೆಲಸವಿತ್ತು. ವ್ಯಾಕರಣ ಗ್ರಂಥ ತೊಲ್ಕಾಪ್ಪಿಯಂ ಹೇಳುವ ಯುದ್ಧದ ತಿಣೈಗಳಲ್ಲಿ, ಎಂದರೆ ಕಾವ್ಯವಸ್ತುವಿನ ವಿಭಾಗಗಳಲ್ಲಿ, ಎರಡು ಸೇನೆಗಳು ಮುಖಾಮುಖಿಯಾಗುವ ಸಮರಕ್ಕೆ ತುಂಬೈ ಎಂದೇ ಹೆಸರು. ಆ ಕದನಕ್ಕೆ ಹೊರಟ ವೀರರು ತುಂಬೆ ಮುಡಿಯುತ್ತಿದ್ದರು.

ಕನ್ನಡನಾಡಿನಲ್ಲಿ ತುಂಬೆ ಶಿವನ ಪಾಲಿಗೆ ಬಂತು. ಜನಪದ ಹೇಳುವ ಕತೆ ಹೀಗಿದೆ: ಭಕ್ತೆಯೊಬ್ಬಳ ತಪಸ್ಸಿಗೆ ಮೆಚ್ಚಿ ಶಿವ ಎದುರು ನಿಂತ. ನಿನ್ನ ಪಾದ ನನ್ನ ತಲೆಯ ಮೇಲಿರಲಿ ಎಂದು ಕೇಳಲು ಹೊರಟವಳು ಸಂಭ್ರಮದಲ್ಲಿ ಮಾತು ತಿರುವುಮುರುವಾಗಿ, ನನ್ನ ಪಾದ ನಿನ್ನ ತಲೆಯ ಮೇಲಿರಲಿ ಎಂದುಬಿಟ್ಟಳು. ಕೊಟ್ಟ ವರ ಹಿಂದಕ್ಕೆ ಹೋಗುವಂತಿಲ್ಲ. ಶಿವ ಅವಳನ್ನು ತುಂಬೆ ಮಾಡಿ ತಲೆಗೇರಿಸಿಕೊಂಡ. ಹೂವನ್ನು ಅಂಗೈಯಲ್ಲಿಟ್ಟು ನೋಡಿದರೆ ಚಾಚಿದ ಕೆಳತುಟಿ ಪುಟ್ಟ ಪಾದದ ಹಾಗೆ ಕಾಣುವುದು ನಿಜ. ಭಕ್ತಿಯ ಕತೆಗಳಲ್ಲಿ ಇಷ್ಟು ಅಂತಃಕರಣದ್ದು ಕಡಿಮೆ: ತಪ್ಪಿದ ಮಾತನ್ನು ದೇವರು ತಿದ್ದಲಿಲ್ಲ, ಹಾಗೆಯೇ ನಡೆಸಿಕೊಟ್ಟ.

ತುಂಬೆಯ ಪೂಜೆಯ ರೀತಿಯೂ ಗಿಡದ ಸ್ವಭಾವದಿಂದಲೇ ಬಂದದ್ದು. ಬಿಡಿಸಿದ ಹೂವಿಗೆ ತೊಟ್ಟಿಲ್ಲ, ಬಾಳೆನಾರಿಗೆ ನಿಲ್ಲದು, ದಂಡೆ ಕಟ್ಟಲಾಗದು. ಬೆಳಿಗ್ಗೆ ಕೊಯ್ದದ್ದು ಮಧ್ಯಾಹ್ನಕ್ಕೆ ಬಾಡುತ್ತದೆ. ಹಾಗಾಗಿ ಅದನ್ನು ಮಾರುವವರು ವಿರಳ, ಕೊಯ್ದವರೇ ಏರಿಸಬೇಕು, ಅದೂ ಬೊಗಸೆಯಿಂದ ಸುರಿಯುವ ಹಾಗೆ. ಒಂದು ಬೊಗಸೆ ತುಂಬಲು ನೂರಾರು ಹೂ ಬೇಕು. ಶೃಂಗೇರಿಯ ಗುಡ್ಡದ ಮೇಲಿನ ಮಲಹಾನಿಕರೇಶ್ವರನಿಂದ ಹಿಡಿದು ಕಿಗ್ಗದ ಋಷ್ಯಶೃಂಗೇಶ್ವರನವರೆಗೆ ಶಿವನ ಗುಡಿಗಳಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಶಿವರಾತ್ರಿ ಬರುವ ಮಾಘದ ಕೊನೆಯಲ್ಲಿ ಮಾತ್ರ ತುಂಬೆಯ ಕಾಲ ಮುಗಿಯುತ್ತ ಬಂದಿರುತ್ತದೆ. ತೇವ ಉಳಿದ ತೋಟದ ಬದಿಯಲ್ಲಷ್ಟೇ ಹಸುರು ಗಿಡ ಸಿಗುವುದು.

ಘಟ್ಟದ ಕೆಳಗೆ ತುಳುನಾಡಿನ ದೀಪಾವಳಿಯಲ್ಲಿ ಬಲೀಂದ್ರನನ್ನು ಕೂಗಿ ಕರೆಯುವಾಗ ತುಂಬೆಯ ಹೆಸರು ಬೇರೆಯದೇ ಅರ್ಥದಲ್ಲಿ ಬರುತ್ತದೆ. ಬಲಿಗೆ ರಾಜ್ಯ ಶಾಶ್ವತವಾಗಿ ಮರಳಿ ಸಿಗಲು ನಡೆಯಬೇಕಾದ ಅಸಾಧ್ಯ ಸಂಗತಿಗಳ ಸಾಲಿನಲ್ಲಿ ತುಂಬೆ ಗಿಡದ ಅಡಿಯಲ್ಲಿ ಸಭೆ ಕೂಡುವುದೂ ಒಂದು. ಇಷ್ಟೆತ್ತರದ ಗಿಡದ ನೆರಳಲ್ಲಿ ಊರು ಕೂರುವ ದಿನ ಬಂದೀತೇ ಎಂಬ ಪ್ರಶ್ನೆಯಲ್ಲಿ ಸೋತ ಅರಸನ ಬಗೆಗಿನ ಮರುಕವೂ ಇದೆ.

ಮನೆಮದ್ದಿನಲ್ಲಿ ತುಂಬೆಗೆ ಹಳೆಯ ಜಾಗ. ಶೀತ, ತಲೆಭಾರಕ್ಕೆ ಎಲೆಯ ರಸ, ಕೆಮ್ಮಿಗೆ ಜೇನಿನ ಜೊತೆ ಹೂವು, ಕಜ್ಜಿಗೆ ಅರೆದ ಸೊಪ್ಪಿನ ಲೇಪ. ಕಹಿಯನ್ನು ಲೆಕ್ಕಿಸದೆ ಚಿಗುರು ಹುರಿದು ತಂಬುಳಿ ಮಾಡುವವರಿದ್ದಾರೆ. ತೆಲಂಗಾಣದಲ್ಲಿ ಗಣೇಶ ಚೌತಿಯ ದಿನ ತುಮ್ಮಿಸೊಪ್ಪಿನ ಪಲ್ಯ ತಿನ್ನುವ ರೂಢಿಯೇ ಇದೆ. ಒಣಗಿದ ಗಿಡದ ಹೊಗೆ ಕೊಟ್ಟಿಗೆಯ ಸೊಳ್ಳೆ ಓಡಿಸಲು ಬಳಕೆಯಾಗುತ್ತದೆ. ಹಾವು ಕಚ್ಚಿದವರಿಗೆ ಇದರ ರಸ ಕುಡಿಸುವ ಪದ್ಧತಿಯೂ ಹಿಂದೆ ವ್ಯಾಪಕವಾಗಿತ್ತು. ಅದನ್ನು ಇತಿಹಾಸವೆಂದು ತಿಳಿಯಬೇಕೇ ಹೊರತು ಅನುಸರಿಸಬಾರದು. ನಾಗರ, ಕಟ್ಟುಹಾವು, ಕೊಳಕುಮಂಡಲಗಳ ವಿಷಕ್ಕೆ ಆಸ್ಪತ್ರೆಯ ಪ್ರತಿವಿಷವೇ ಮದ್ದು, ರಸ ಹಿಂಡುತ್ತ ಕಳೆದ ಹೊತ್ತು ಜೀವ ತೆಗೆಯುತ್ತದೆ. ಜ್ವರದ ವಿಷಯದಲ್ಲೂ ಈ ಮೂರು ತಾಲ್ಲೂಕುಗಳವರು ಎಚ್ಚರವಾಗಿರಬೇಕು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಇಲ್ಲಿಯೂ ಕಾಣಿಸಿಕೊಂಡಿದೆ. ಕಾಡಿಗೆ, ಸೊಪ್ಪಿಗೆ ಹೋಗಿಬಂದವರಿಗೆ ಬೇಸಿಗೆಯಲ್ಲಿ ಜ್ವರ ಬಂದರೆ ತುಂಬೆಯ ಕಷಾಯ ಕಾಯಿಸುತ್ತ ಕೂರದೆ ರಕ್ತ ಪರೀಕ್ಷೆ ಮಾಡಿಸಬೇಕು.

ಹೂವಿನ ಹೆಸರು ನೆಲಕ್ಕೂ ಹತ್ತಿದೆ. ಬಂಟ್ವಾಳ ತಾಲ್ಲೂಕಿನಲ್ಲಿ ನೇತ್ರಾವತಿಯ ದಡದ ಊರು ತುಂಬೆ. ಅಲ್ಲಿನ ಕಿಂಡಿ ಅಣೆಕಟ್ಟೆ ಮಂಗಳೂರಿಗೆ ಕುಡಿಯುವ ನೀರು ಕೊಡುತ್ತದೆ. ತುಂಗೆ, ಭದ್ರೆಯರ ಜೊತೆ ನೇತ್ರಾವತಿಯ ಮೂಲವನ್ನೂ ಶೃಂಗೇರಿಗೆ ದೂರವಲ್ಲದ ಗಂಗಾಮೂಲದಲ್ಲಿ ಗುರುತಿಸುವ ಸಂಪ್ರದಾಯವಿದೆ. ತಿರುವನಂತಪುರದ ಕಡಲಂಚಿನ ತುಂಬ ಎಂಬ ಬೆಸ್ತರ ಹಳ್ಳಿಗೂ ಈ ಗಿಡದಿಂದಲೇ ಹೆಸರು ಬಂತೆನ್ನುತ್ತಾರೆ. 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ಶೋಧಕ ರಾಕೆಟ್ ಮೇಲೇರಿದ್ದು ಅಲ್ಲಿಂದ. ಮೊಣಕಾಲೆತ್ತರದ ಗಿಡದ ಹೆಸರು ಹೀಗೆ ಭಾರತದ ಬಾಹ್ಯಾಕಾಶ ಚರಿತ್ರೆಯ ಮೊದಲ ಪುಟದಲ್ಲಿ ಕೂತಿತು.

ಮಾತು ನೆಂಟರನ್ನೂ ಕೂಡಿಸಿಕೊಂಡಿದೆ. ಕರಿತುಂಬೆ ಎಂದರೆ ಅನಿಸೊಮೆಲಿಸ್, ನೇರಳೆ ಛಾಯೆಯ ಹೂವಿನ ಎತ್ತರದ ಗಿಡ, ಕುಟುಂಬ ಒಂದೇ. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಬಂದ ಹೋರ್ಟಸ್ ಮಲಬಾರಿಕಸ್ ಎಂಬ ಸಸ್ಯಗ್ರಂಥದಲ್ಲಿ ತುಂಬ, ಕರಿನ್‌ತುಂಬ ಎಂಬ ಮಾತುಗಳು ಲ್ಯಾಟಿನ್ ವಿವರಣೆಯ ನಡುವೆ ಹಾಗೆಯೇ ಉಳಿದಿವೆ. ಕತ್ತೆತುಂಬೆ ನೆಂಟನಲ್ಲ, ತಲೆತಗ್ಗಿಸಿ ಅರಳುವ ಟ್ರೈಕೊಡೆಸ್ಮ ಎಂಬ ಬೇರೆಯೇ ಕುಟುಂಬದ ಸಸ್ಯ. ತಮಿಳಿನ ಕಾಶಿತ್ತುಂಬೈ ಇನ್ನೂ ದೂರದ್ದು, ಮಲೆನಾಡಿನ ಅಂಗಳದ ಕರ್ಣಕುಂಡಲ. ಬೇಸಾಯದ ಹೊರಗೆ ತಾನಾಗಿ ಅರಳುವ ಕಿರುಗಿಡಕ್ಕೆಲ್ಲ ಈ ಮಾತು ಒಂದು ಅಚ್ಚಾಗಿತ್ತು ಎನಿಸುತ್ತದೆ.

ಈಗ ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ಬದುವಿಗೆ ಬಿಸಿಲಿಲ್ಲ. ಕಳೆ ಕೀಳುವ ಕೈಗಳ ಬದಲು ಕಳೆನಾಶಕದ ಕ್ಯಾನು ಬಂದಿದೆ, ಅಂಗಳಕ್ಕೆ ಸಿಮೆಂಟು ಬಂದಿದೆ. ಕಳೆನಾಶಕ ತುಂಬೆಯನ್ನೂ ಬೇಡದ ಹುಲ್ಲನ್ನೂ ಬೇರೆ ಮಾಡದು, ಹೂ ಬರುವ ಮೊದಲೇ ಸುಟ್ಟರೆ ಮುಂದಿನ ಮಳೆಗೆ ಬೀಜವೇ ಇರದು. ಉಳಿಸಿಕೊಳ್ಳಲು ದೊಡ್ಡ ಯೋಜನೆ ಬೇಕಿಲ್ಲ. ಬಲಿತು ಕಂದಾದ ಗಿಣ್ಣುಗಳನ್ನು ಮಾಘ, ಫಾಲ್ಗುಣದಲ್ಲಿ ಕೊಯ್ದು ಒಣಗಿಸಿ ಉಜ್ಜಿದರೆ ಬೀಜ ಉದುರುತ್ತದೆ. ಮುಂಗಾರಿಗೆ ಬಿಸಿಲು ಬೀಳುವ ಸಡಿಲ ಮಣ್ಣಿನ ಮೇಲೆ ಚೆಲ್ಲಿ ತೆಳ್ಳಗೆ ಮಣ್ಣೆಳೆದರೆ ಸಾಕು. ಕುಂಡದಲ್ಲೂ ಬೆಳೆಯುತ್ತದೆ. ನೀರು ನಿಲ್ಲದಂತೆ ನೋಡಿಕೊಂಡು, ಕೆಲವು ಗಿಡಗಳನ್ನು ಕೀಳದೆ ಬಿಟ್ಟರೆ ಮರುವರ್ಷ ತಾನೇ ಬರುತ್ತದೆ.