ಬೆಲ್ ದೂರವಾಣಿ ಕಂಪೆನಿಯ ಷೇರುಗಳು (1877–1879)

ಸಣ್ಣ ಕಂಪೆನಿಯೊಂದರ ಷೇರು ಕೆಲವೇ ತಿಂಗಳುಗಳಲ್ಲಿ ಹತ್ತಾರು ಮಡಿ ಏರಿದ ಪ್ರಸಂಗಗಳನ್ನು ವಾಣಿಜ್ಯ ಚರಿತ್ರೆಯ ಗ್ರಂಥಗಳು ಸಾಮಾನ್ಯವಾಗಿ ದೂರದೃಷ್ಟಿಯ ಕಥೆಗಳಾಗಿ ನಿರೂಪಿಸುತ್ತವೆ. ಹೊಸ ಯಂತ್ರದ ಮಹತ್ತ್ವವನ್ನು ಕೆಲವರು ಮುಂಚಿತವಾಗಿ ಕಂಡರು, ಆದುದರಿಂದ ಅವರಿಗೆ ಲಾಭವಾಯಿತು ಎಂಬುದೇ ಅವುಗಳ ತಿರುಳು. ಅಮೆರಿಕದ ಬೆಲ್ ಕಂಪೆನಿಯ ಮೊದಲ ವರ್ಷಗಳನ್ನು ಪರಿಶೀಲಿಸಿದಾಗ ಈ ವಾದಕ್ಕೆ ಆಧಾರ ಸಾಲದೆಂದು ನಮಗೆ ತೋರುತ್ತದೆ.

ಅಲೆಕ್ಸಾಂಡರ್ ಗ್ರಹಾಂ ಬೆಲ್ಲನಿಗೆ ಪೇಟೆಂಟು ದೊರೆತುದು 1876ರ ಮಾರ್ಚ್ 7ರಂದು. ಮರುವರ್ಷ ಜುಲೈ 9ರಂದು ಸ್ಥಾಪಿತವಾದ ಕಂಪೆನಿಯ 5,000 ಷೇರುಗಳು ಬೆಲ್, ಆತನ ಭಾವೀ ಮಾವ ಗಾರ್ಡಿನರ್ ಹಬ್ಬರ್ಡ್, ಚರ್ಮದ ವರ್ತಕ ಥಾಮಸ್ ಸ್ಯಾಂಡರ್ಸ್ ಹಾಗೂ ಕುಶಲಕರ್ಮಿ ಥಾಮಸ್ ವಾಟ್ಸನ್ ಇವರ ಮತ್ತು ಇವರ ಬಂಧುಗಳ ಕೈಯಲ್ಲೇ ಇದ್ದವು. ಎರಡು ದಿನಗಳ ತರುವಾಯ ನಡೆದ ವಿವಾಹದಲ್ಲಿ ಬೆಲ್ ಹತ್ತು ಷೇರುಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕುವನ್ನೆಲ್ಲ ವಧುವಿಗೆ ಕಾಣಿಕೆಯಿತ್ತನು. ಈ ಔದಾರ್ಯವನ್ನು ಕೊಂಡಾಡುವವರು ಆ ಕಾಗದಗಳು ಆಗಿನ್ನೂ ಪೇಟೆಯ ಸರಕಾಗಿರಲಿಲ್ಲವೆಂಬುದನ್ನು ಮರೆಯುತ್ತಾರೆ. ಸ್ಯಾಂಡರ್ಸನಾದರೋ ಯಾವ ಪ್ರತಿಫಲವೂ ಕಾಣುವ ಮೊದಲೇ ಸುಮಾರು 1,10,000 ಡಾಲರುಗಳನ್ನು ತೊಡಗಿಸಿದ್ದನು. ಆತನ ಕಿವುಡ ಮಗನಿಗೆ ಬೆಲ್ ಪಾಠ ಹೇಳಿದ್ದನು; ವಿಶ್ವಾಸದ ಮೂಲ ಅಲ್ಲಿತ್ತೇ ಹೊರತು ಯಂತ್ರಶಾಸ್ತ್ರದ ಪರಿಶೀಲನೆಯಲ್ಲಿರಲಿಲ್ಲ.

1877ರ ಅಂತ್ಯದಲ್ಲಿ ವೆಸ್ಟರ್ನ್ ಯೂನಿಯನ್ ಎಂಬ ಪ್ರಬಲ ತಂತಿ ಕಂಪೆನಿ ತಾನೇ ದೂರವಾಣಿ ವ್ಯವಹಾರಕ್ಕೆ ಇಳಿಯಿತು. ಎಲಿಷಾ ಗ್ರೇ ಮತ್ತು ಎಡಿಸನ್ ಇವರ ಹಕ್ಕುಗಳು ಅದರ ವಶದಲ್ಲಿದ್ದವು. ಎಡಿಸನ್ನನ ಇಂಗಾಲದ ಪ್ರೇಷಕದಲ್ಲಿ ಮಾತು ಬೆಲ್ಲನ ಉಪಕರಣಕ್ಕಿಂತ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದಕಾರಣ 1878ರಲ್ಲಿ ಯಂತ್ರದ ಗುಣವೊಂದನ್ನೇ ನೋಡಿ ಹಣ ಹೂಡುವ ವಿವೇಕಿಯು ಬೆಲ್ಲನ ಎದುರು ಪಕ್ಷವನ್ನೇ ಆರಿಸಬೇಕಾಗಿತ್ತು! ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೆಲ್ ಕಂಪೆನಿ ಪ್ರತಿಪಕ್ಷದ ಏಜೆಂಟನಾದ ಪೀಟರ್ ಡೌಡ್ ಎಂಬಾತನ ಮೇಲೆ ದಾವೆ ಹೂಡಿತು. 1879ರ ಮಾರ್ಚಿಯಲ್ಲಿ ಕಂಪೆನಿಯನ್ನು ಪುನರ್ರಚಿಸಿದಾಗ ಷೇರಿನ ಬೆಲೆ ಸುಮಾರು 50 ಡಾಲರು. ನವೆಂಬರಿನಲ್ಲಿ ಅದು ಸಾವಿರದ ಸಮೀಪಕ್ಕೆ ಬಂದಿತು.

ಈ ಎಂಟು ತಿಂಗಳುಗಳಲ್ಲಿ ಬದಲಾದುದೇನು? ಫ್ರಾನ್ಸಿಸ್ ಬ್ಲೇಕನ ಉತ್ತಮ ಪ್ರೇಷಕವು ಬೆಲ್ ಪಕ್ಷಕ್ಕೆ ಅದಕ್ಕೆ ಮುಂಚೆಯೇ ದೊರೆತಿತ್ತು. ಏರಿಕೆಗೆ ಅದು ಸಾಕಾದ ಕಾರಣವಲ್ಲ. ಬೆಲ್ಲನ ಪೇಟೆಂಟನ್ನು ಮುರಿಯಲಾಗದೆಂದು ವೆಸ್ಟರ್ನ್ ಯೂನಿಯನ್ನಿನ ವಕೀಲ ಜಾರ್ಜ್ ಗಿಫರ್ಡನೇ ಮನಗಂಡನು. ಅಲ್ಲದೆ ಜೇ ಗೌಲ್ಡ್ ಎಂಬ ಪ್ರಸಿದ್ಧ ಸಟ್ಟಾ ವ್ಯಾಪಾರಿ 1879ರಲ್ಲಿ ಸ್ಪರ್ಧಿ ತಂತಿ ಕಂಪೆನಿಯೊಂದನ್ನು ಕಟ್ಟಿ ವೆಸ್ಟರ್ನ್ ಯೂನಿಯನ್ನಿನ ಬುಡಕ್ಕೇ ಕೈಹಾಕಿದ್ದನು. ಎರಡು ರಣರಂಗಗಳಲ್ಲಿ ಕಾದುವುದು ಅದಕ್ಕೆ ಬೇಡವಾಯಿತು. ನವೆಂಬರ್ 10ರ ರಾಜಿಯಂತೆ ಅದು 55 ನಗರಗಳಲ್ಲಿದ್ದ ತನ್ನ ಸುಮಾರು 56,000 ದೂರವಾಣಿಗಳನ್ನು ಬೆಲ್ ಕಂಪೆನಿಗೆ ಮಾರಿ ಹಿಂದೆ ಸರಿಯಿತು. ಪ್ರತಿಯಾಗಿ ಹದಿನೇಳು ವರ್ಷ ಬಾಡಿಗೆಯ ಶೇಕಡ 20ರಷ್ಟು ರಾಯಧನ ಪಡೆಯಿತು.

ಹೀಗೆ ಆ ಬೇಸಗೆಯಲ್ಲಿ ಷೇರು ಕೊಂಡವರು ಪಣವೊಡ್ಡಿದುದು ದೂರವಾಣಿಯ ಮೇಲಲ್ಲ, ಒಂದು ವ್ಯಾಜ್ಯದ ಮೇಲೆ. ಅದರ ಗತಿಯನ್ನು ಬಲ್ಲವರು ಸಂಧಾನದ ಕೋಣೆಯಲ್ಲಿದ್ದ ಕೆಲವರು ಮಾತ್ರ. ಅಮೆರಿಕದಲ್ಲಿ ಷೇರು ವಿನಿಮಯ ಶಾಸನ ಬಂದುದು 1934ರಲ್ಲಿ. ಒಳವಾರ್ತೆಯ ಲಾಭವನ್ನು ತಡೆಯುವ ಅಂಥ ಕೇಂದ್ರ ಶಾಸನ ಆಗ ಇರಲಿಲ್ಲ.

ಸೋತವರ ಷೇರುಗಳ ಚರಿತ್ರೆಯನ್ನು ಬರೆಯುವವರು ವಿರಳ. ಪೆನ್ಸಿಲ್ವೇನಿಯದ ಡೇನಿಯಲ್ ಡ್ರಾಬಾ ಎಂಬ ಕುಶಲಕರ್ಮಿ ಬೆಲ್ಲನಿಗಿಂತ ಮೊದಲೇ ದೂರವಾಣಿಯನ್ನು ರಚಿಸಿದನೆಂಬ ವಾದವನ್ನು ಆಧರಿಸಿ 1880ರಲ್ಲಿ ಪೀಪಲ್ಸ್ ಟೆಲಿಫೋನ್ ಕಂಪೆನಿ ಹುಟ್ಟಿತು. ಅದರ ಷೇರುಗಳನ್ನು ಕೊಂಡವರೂ ಯಂತ್ರದ ಭವಿಷ್ಯವನ್ನು ಬೆಲ್ಲನ ಪಾಲುದಾರರಷ್ಟೇ ಸರಿಯಾಗಿ ಊಹಿಸಿದ್ದರು. 1888ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅವರ ವಾದವನ್ನು ತಳ್ಳಿಹಾಕಿತು. ನ್ಯಾಯಮೂರ್ತಿಗಳಲ್ಲಿ ನಾಲ್ವರು ಬೆಲ್ಲನ ಪರವಾಗಿದ್ದರು, ಮೂವರು ಡ್ರಾಬಾನ ಪರವಾಗಿದ್ದರು.