ಏನೂ ಕೊಡದಿರೋದೇ ಚಿಕಿತ್ಸೆ ಆದ ಚರಿತ್ರೆ

ಸ್ವಲ್ಪ ಉದ್ದದ ಪೋಸ್ಟು. ನಮ್ಮ ಹೆಣ್ಣುಮಕ್ಕಳ ವಿಷಯ, ಪೂರ್ತಿ ಓದಿ.

ಈ ದೇಶದ ಕ್ಯಾನ್ಸರ್ ಚಿಕಿತ್ಸೆಯ ಚರಿತ್ರೆ ಅಂದ್ರೆ ದೊಡ್ಡ ಆಸ್ಪತ್ರೆಗಳ ಚರಿತ್ರೆ ಅಂತಲೇ ಬರೀತಾರೆ. 1941ರಲ್ಲಿ ಬೊಂಬಾಯಿಯ ಟಾಟಾ, 1954ರಲ್ಲಿ ಮದ್ರಾಸಿನ ಅಡ್ಯಾರ್, 1973ರಲ್ಲಿ ಬೆಂಗಳೂರಿನ ಕಿದ್ವಾಯಿ. ಇದರಲ್ಲಿ ಅಡ್ಯಾರ್ ಆಸ್ಪತ್ರೆ ಕಟ್ಟಿದ್ದು ಡಾ. ಮುತ್ತುಲಕ್ಷ್ಮಿ ರೆಡ್ಡಿ. ದೇವದಾಸಿ ಮನೆತನದ ತಾಯಿಯ ಮಗಳು. ಡಾಕ್ಟರಾಗಿ, ಮದ್ರಾಸ್ ಶಾಸನ ಪರಿಷತ್ತಿಗೆ ಹೋಗಿ, ಆ ಪದ್ಧತಿಯ ವಿರುದ್ಧವೇ ಹೋರಾಡಿದವರು. ತಂಗಿ ಕ್ಯಾನ್ಸರಿಂದ ತೀರಿಕೊಂಡ ನೋವಿನಿಂದ ಈ ಕೆಲಸಕ್ಕೆ ಇಳಿದರು. ನಮ್ಮ ಸಭೆಗಳಲ್ಲಿ ಈ ತಾಯಿಯ ಹೆಸರೂ ಬರಬೇಕು.

ಈ ಆಸ್ಪತ್ರೆಗಳು ಬಡವರ ಜೀವ ಉಳಿಸಿವೆ, ಸುಳ್ಳಲ್ಲ. ಆದರೆ ಇವೆಲ್ಲ ಕಾಯಿಲೆ ಬಲಿತ ಮೇಲೆ ನಾವು ಹುಡುಕಿಕೊಂಡು ಹೋಗೋ ಜಾಗಗಳು. ಅಮೃತಾಪುರದಿಂದ ಕಿದ್ವಾಯಿಗೆ 200 ಕಿಲೋಮೀಟರ್ ಮೇಲಾಗುತ್ತೆ. ಗರ್ಭಕಂಠದ ಕ್ಯಾನ್ಸರಿಗೆ ಕರೆಂಟ್ ಕೊಡಿಸಬೇಕಂದ್ರೆ ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ. ಅಡಿಕೆ ಸುಲಿಯೋ ಹೆಂಗಸು ಅಷ್ಟು ದಿನ ಕೂಲಿ ಬಿಟ್ಟು ಆ ಊರಲ್ಲಿ ಎಲ್ಲಿ ಇರಬೇಕು? ಕಾರ್ಡಿದ್ರೆ ಚಿಕಿತ್ಸೆ ಖರ್ಚು ಸರ್ಕಾರ ಕೊಡಬಹುದು, ಕೂಲಿ ಯಾರು ಕೊಡ್ತಾರೆ?

ಇನ್ನು ಲೆಕ್ಕದ ವಿಷಯ. ನಾನು ಗುಮಾಸ್ತ, ರಿಜಿಸ್ಟರಲ್ಲಿ ಹೆಸರಿಲ್ಲದವನಿಗೆ ಏನೂ ಸಿಗಲ್ಲ ಅಂತ ದಿನಾ ನೋಡ್ತೀನಿ. 1982ರಲ್ಲಿ ಐಸಿಎಂಆರ್ ಬೆಂಗಳೂರು, ಬೊಂಬಾಯಿ, ಮದ್ರಾಸಿನಲ್ಲಿ ಕ್ಯಾನ್ಸರ್ ನೋಂದಣಿ ಶುರು ಮಾಡಿತು. ಬೆಂಗಳೂರಿನ ರಿಜಿಸ್ಟರ್ ಎಣಿಸಿದ್ದು ನಗರದವರನ್ನು. ತರೀಕೆರೆ, ಕಡೂರು, ಅಜ್ಜಂಪುರದ ಹಳ್ಳಿಯವಳು ಹಟ್ಟಿಯಲ್ಲೇ ಕಣ್ಣು ಮುಚ್ಚಿದರೆ ಆ ರಿಜಿಸ್ಟರಲ್ಲಿ ಅವಳಿಗೆ ಒಂದು ಸಾಲೂ ಇಲ್ಲ. ವರದಿಗಳಲ್ಲಿ ವಯಸ್ಸು, ಗಂಡು-ಹೆಣ್ಣು, ಯಾವ ಅಂಗ, ಎಲ್ಲ ಲೆಕ್ಕ ಇದೆ. ಜಾತಿವಾರು ಲೆಕ್ಕ ಇಲ್ಲ.

ಹಳ್ಳಿಯ ಲೆಕ್ಕ ಮೊದಲು ಶುರುವಾಗಿದ್ದು 1987ರಲ್ಲಿ, ಮಹಾರಾಷ್ಟ್ರದ ಬಾರ್ಶಿಯಲ್ಲಿ. ಅಲ್ಲೇ ಪಕ್ಕದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಅಂದ್ರೆ ನಮ್ಮ ಕಲಬುರಗಿಯ ಆಚೆ ಗಡಿಯಲ್ಲಿ, 1999ರಲ್ಲಿ ಒಂದು ದೊಡ್ಡ ಸಂಶೋಧನೆ ಶುರುವಾಯ್ತು. 30ರಿಂದ 59 ವಯಸ್ಸಿನ 1,31,746 ಹಳ್ಳಿ ಹೆಂಗಸರನ್ನು ನಾಲ್ಕು ಗುಂಪು ಮಾಡಿದರು. ಮೂರು ಗುಂಪಿಗೆ ಬೇರೆ ಬೇರೆ ತಪಾಸಣೆ. ನಾಲ್ಕನೇ ಗುಂಪಿಗೆ ತಿಳುವಳಿಕೆ ಮಾತು ಮಾತ್ರ, ತಪಾಸಣೆ ಇಲ್ಲ. ಎಂಟು ವರ್ಷ ಕಾದು ನೋಡಿ 2009ರಲ್ಲಿ ಫಲಿತಾಂಶ ಕೊಟ್ಟರು. ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಲ್ಲಿ ಗರ್ಭಕಂಠದ ಕ್ಯಾನ್ಸರಿಂದ ಸತ್ತವರು 34. ಹೆಚ್ಚುಕಮ್ಮಿ ಅಷ್ಟೇ ದೊಡ್ಡದಾದ, ತಪಾಸಣೆ ಇಲ್ಲದ ಗುಂಪಲ್ಲಿ 64.

ಮುಂಬೈ ಸ್ಲಮ್ಮುಗಳಲ್ಲೂ ಇಂಥದ್ದೇ ಇನ್ನೊಂದು ನಡೀತು, ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ. ಅಲ್ಲಿ ಬಳಸಿದ್ದು ವಿನಿಗರ್ ಹಚ್ಚಿ ನೋಡೋ ಅಗ್ಗದ ಪರೀಕ್ಷೆ. ಮಾಡಿದ್ದು ಡಾಕ್ಟರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಪರೀಕ್ಷೆ ಮಾಡಿದ ಕಡೆ ಸಾವು ನೂರಕ್ಕೆ 31ರಷ್ಟು ಕಡಿಮೆ ಆಯ್ತು ಅಂತ 2013ರಲ್ಲಿ ಹೇಳಿದರು. ಅಲ್ಲೂ ಅರ್ಧದಷ್ಟು ಹೆಂಗಸರಿಗೆ ತಪಾಸಣೆ ಇರಲಿಲ್ಲ. ಎರಿಕ್ ಸುಬಾ ಅನ್ನೋ ಅಮೆರಿಕದ ವೈದ್ಯ ಇದರ ಬಗ್ಗೆ ದೂರು ಕೊಟ್ಟ ಮೇಲೆ ದೊಡ್ಡ ವಿವಾದ ಆಯ್ತು.

ಸಂಶೋಧಕರ ಉತ್ತರ ಏನು ಗೊತ್ತಾ? ಭಾರತದಲ್ಲಿ ತಪಾಸಣೆ ಕಾರ್ಯಕ್ರಮವೇ ಇಲ್ಲ, ಹಾಗಾಗಿ ತಪಾಸಣೆ ಇಲ್ಲದಿರೋದೇ ಇಲ್ಲಿ ರೂಢಿಯ ಚಿಕಿತ್ಸೆ ಅಂತ. ಈ ಮಾತನ್ನ ಎರಡು ಸಲ ಓದಿ. ರಾಷ್ಟ್ರೀಯ ಕ್ಯಾನ್ಸರ್ ನಿಯಂತ್ರಣ ಕಾರ್ಯಕ್ರಮ ಶುರುವಾಗಿದ್ದು 1975-76ರಲ್ಲಿ. ಇಷ್ಟು ವರ್ಷ ಸರ್ಕಾರ ನಮಗೆ ಏನೂ ಕೊಡಲಿಲ್ಲ. ಕೊನೆಗೆ ಆ "ಏನೂ ಇಲ್ಲ" ಅನ್ನೋದೇ ನಮ್ಮ ಪಾಲಿನ ಚಿಕಿತ್ಸೆ ಅಂತ ಕಾಗದದ ಮೇಲೆ ಬಂತು. ಸ್ಲಮ್ಮಲ್ಲಿ, ಕೂಲಿ ಮಾಡೋ ಊರಲ್ಲಿ ಯಾರು ಇರ್ತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಸಂಶೋಧನೆ ಬೇಡ ಅಂತ ನಾನು ಹೇಳ್ತಿಲ್ಲ. ಬೇಕು. ಆ ಹೆಂಗಸರಿಂದ ಜಗತ್ತಿಗೇ ಜ್ಞಾನ ಸಿಕ್ತು. ಆದರೆ ಆ ಜ್ಞಾನ ತಿರುಗಿ ನಮ್ಮ ಹಟ್ಟಿಗೆ ಬಂತಾ ಅನ್ನೋದು ಪ್ರಶ್ನೆ. 2016ರಲ್ಲಿ ಕೇಂದ್ರ ಸರ್ಕಾರ 30 ದಾಟಿದವರಿಗೆಲ್ಲ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡಬೇಕು ಅಂತ ಮಾರ್ಗಸೂಚಿ ಹೊರಡಿಸಿತು. ಗರ್ಭಕಂಠಕ್ಕೆ ಅದೇ ವಿನಿಗರ್ ಪರೀಕ್ಷೆ. ಆಮೇಲೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಂದು ಸಲವಾದರೂ ಗರ್ಭಕಂಠದ ತಪಾಸಣೆ ಆದವರು ದೇಶದಲ್ಲಿ ನೂರಕ್ಕೆ 1.9.

ಅಮೃತೇಶ್ವರ ದೇವಸ್ಥಾನದ 1196ರ ಚರಿತ್ರೆಯನ್ನು ನಮ್ಮೂರಿಗೆ ಬಂದವರೆಲ್ಲ ಓದಿಕೊಂಡು ಹೋಗ್ತಾರೆ. ಈ ಚರಿತ್ರೆಯನ್ನು ನಾವೇ ಓದಬೇಕು, ನಾವೇ ಕೇಳಬೇಕು. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಬಗ್ಗೆ ಮೂರೇ ಪ್ರಶ್ನೆ ಎತ್ತಿ:

30 ದಾಟಿದ ಎಷ್ಟು ಹೆಂಗಸರಿಗೆ ತಪಾಸಣೆ ಆಗಿದೆ?
ಅನುಮಾನ ಬಂದು ಎಷ್ಟು ಜನರನ್ನು ಮುಂದಕ್ಕೆ ಕಳಿಸಿದ್ದೀರಿ?
ಅವರಲ್ಲಿ ಎಷ್ಟು ಜನರ ಚಿಕಿತ್ಸೆ ಪೂರ್ತಿ ಆಯ್ತು?

ಬಾಯಲ್ಲಿ ಉತ್ತರ ಸಿಗದಿದ್ರೆ ಆರ್‌ಟಿಐ ಹಾಕಿ. ಹತ್ತು ರೂಪಾಯಿ. ಅರ್ಜಿ ಬರೆಯೋಕೆ ಬರದಿದ್ರೆ ನನಗೆ ಹೇಳಿ, ಬರೆದುಕೊಡೋದೇ ನನ್ನ ಕಸುಬು.

ಜೈ ಭೀಮ್.