‘ಪರಾಯ’ ಯಾರ ಹೆಸರು?

ಮೊನ್ನೆ ಆಫೀಸಲ್ಲಿ ಇಂಗ್ಲಿಷ್ ಪೇಪರ್ ಓದ್ತಿದ್ದ ಸಹೋದ್ಯೋಗಿಯೊಬ್ಬರು ‘ಪರಾಯ ಸ್ಟೇಟ್ ಅಂದ್ರೇನ್ರೀ?’ ಅಂತ ಕೇಳಿದ್ರು. ‘ಎಲ್ಲರೂ ದೂರ ಇಟ್ಟ ದೇಶ’ ಅಂದೆ. ಅಂದ ಮೇಲೆ ನನಗೇ ಒಂಥರಾ ಆಯ್ತು. ಅದು ನಮ್ಮಂಥ ಜನರ ಹೆಸರು.

ತಮಿಳುನಾಡಿನ ಪರೈಯರ್ ಸಮುದಾಯದ ಹೆಸರೇ 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಹೋಗಿ ಪರಾಯ ಆಯಿತು. ಪರೈ ಅಂದರೆ ತಮಟೆಯಂಥ ಚರ್ಮವಾದ್ಯ. ನಮ್ಮ ‘ಹರೆ’ಯೂ ಅದೇ ಬೇರಿನದು. ನಿಘಂಟುಗಳು ‘ವಾದ್ಯ ಬಡಿಯುವವರು’ ಅಂತ ಬರೆದು ಸುಮ್ಮನಾಗುತ್ತವೆ. (ಬಹುಪಾಲು ಜನ ಗದ್ದೆಯಲ್ಲಿ ದುಡಿದವರು. ಅದನ್ನ ಯಾರು ಬರೀತಾರೆ?) ಒಂದು ಜಾತಿಯ ಹೆಸರು ಬಿಳಿಯರ ಬಾಯಲ್ಲಿ ಎಲ್ಲ ಅಸ್ಪೃಶ್ಯರಿಗೂ, ಕೊನೆಗೆ ಬೀದಿನಾಯಿಗೂ ಅಂಟಿತು: ‘ಪರಾಯ ಡಾಗ್’. ಹದ್ದನ್ನೂ ಬಿಡಲಿಲ್ಲ.

ಆದರೆ 1893ರಲ್ಲಿ ಮದ್ರಾಸಿನಲ್ಲಿ ರೆಟ್ಟಮಲೈ ಶ್ರೀನಿವಾಸನ್ ಪತ್ರಿಕೆ ಶುರು ಮಾಡಿ ‘ಪರೈಯನ್’ ಅಂತಲೇ ಹೆಸರಿಟ್ಟರು. ಬೈಗುಳವನ್ನೇ ಮುಖಪುಟದ ಮೇಲೆ ಕೂರಿಸಿದರು! ಅಯೋತಿದಾಸ ಪಂಡಿತರಿಗೆ ಆ ಹೆಸರೇ ಬೇಡವಾಗಿತ್ತು. 1907ರಲ್ಲಿ ಅವರು ತಂದ ಪತ್ರಿಕೆ ‘ಒರು ಪೈಸಾ ತಮಿಳನ್’. ಇಬ್ಬರದೂ ಸ್ವಾಭಿಮಾನವೇ. ನನ್ನ ಮನಸ್ಸು ಮಾತ್ರ ಶ್ರೀನಿವಾಸನ್ ಕಡೆಗೆ.

ಸಹೋದ್ಯೋಗಿಗೆ ಇಷ್ಟೂ ಹೇಳಿದೆ. ‘ಓ, ನಾನು ಇಂಗ್ಲಿಷ್ ಪದ ಅಂದ್ಕೊಂಡಿದ್ದೆ’ ಅಂದು ಪೇಪರ್ ಮಡಚಿಟ್ಟರು.